ಹುರುಪಪ್ಪನ ಹುರುಪು

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಗಟ್ಟಿಯಾಗಿ ಅಂಟಿಕೊಂಡದ್ದು ಲಾಂಡ್ರಿಯ ಇಸ್ತ್ರಿ ಕೋಣೆಯ ಹೆಂಗಸರು ಇಟ್ಟ ಹೆಸರು. ಎದುರಿಗೆ ಸಾರ್, ಬೆನ್ನ ಹಿಂದೆ ಹುರುಪಪ್ಪ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯನ್ನೆಲ್ಲ ತೊಳೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಹುರುಪಪ್ಪ ಅಲ್ಲಿಯ ಮೇಲ್ವಿಚಾರಕ. ತನ್ನ ಜನ್ಮದಲ್ಲಿ ಒಂದು ದಿಂಬಿನ ಚೀಲಕ್ಕೂ ಇಸ್ತ್ರಿ ಮುಟ್ಟಿಸಿದವನಲ್ಲ. ಆದರೆ ಮುಟ್ಟಿಸುವವರಿಗೆ ಯಾಕೆ ಸುಸ್ತಾಗಕೂಡದು ಎಂಬ ವಿಷಯದಲ್ಲಿ ಅವನನ್ನು ಮೀರಿಸುವ ಪಂಡಿತ ಸುತ್ತಮುತ್ತ ಇರಲಿಲ್ಲ.

ದಿನಾ ಬೆಳಗ್ಗೆ ಮಷಿನ್ನು ಶುರುವಾಗುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭಾಷಣ.

"ಸುಸ್ತು ಅನ್ನೋದು ಮೈಗೆ ಬರೋದಲ್ಲ, ಮನಸ್ಸಿಗೆ ಬರೋದು! ಮನಸ್ಸಿಗೆ ಬರೋದನ್ನ ಮನಸ್ಸಿಂದಲೇ ಓಡಿಸ್ಬೇಕು! ಎಲ್ರೂ ಕೈ ಮೇಲೆತ್ತಿ! ಚಪ್ಪಾಳೆ ತಟ್ಟಿ! ಇನ್ನೂ ಜೋರಾಗಿ!"

ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಹಬೆಯ ಮುಂದೆ ಇಡೀ ದಿನ ನಿಲ್ಲಬೇಕಾದ ಕಾಲುಗಳಿಗೆ ಆ ಚಪ್ಪಾಳೆಯಿಂದ ಏನು ಉಪಕಾರವಾಗುತ್ತಿತ್ತೋ ದೇವರಿಗೇ ಗೊತ್ತು. ಇಸ್ತ್ರಿ ಕೋಣೆಯಲ್ಲಿ ಮೊದಲು ಗೋಡೆಗೆ ಒರಗಿಸಿದ ಒಂದಷ್ಟು ಸ್ಟೂಲುಗಳಿದ್ದವು. ಕಾಲು ಸೋತವರು ಸರದಿಯ ಮೇಲೆ ಕೂರುತ್ತಿದ್ದರು. "ಸ್ಟೂಲು ಕಂಡ್ರೆ ತಾನೇ ಸುಸ್ತು ಆಗೋದು? ಸ್ಟೂಲೇ ಇಲ್ಲದಿದ್ರೆ?" ಎಂದು ಹುರುಪಪ್ಪ ಅವನ್ನೆಲ್ಲ ಗೋದಾಮಿಗೆ ಸಾಗಿಸಿದ್ದ. ಮಾಲೀಕ ಈ ತರ್ಕಕ್ಕೆ ತಲೆದೂಗಿದ್ದ. ಪುಕ್ಕಟೆ ಬಂದ ತರ್ಕಕ್ಕೆ ಮಾಲೀಕರು ಯಾವಾಗಲೂ ತಲೆದೂಗುತ್ತಾರೆ.

ಮನೆಯಲ್ಲೂ ಇದೇ ಪುರಾಣ. ಅವನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ನು ಇಟ್ಟುಕೊಂಡು ಕಿಟಕಿ-ಬಾಗಿಲಿನ ಪರದೆಗಳನ್ನು ಹೊಲಿಯುತ್ತಿದ್ದಳು. ಒಮ್ಮೆ ಜ್ವರ ಬಂದು ಮಲಗಿದ್ದಾಗ, "ಜ್ವರ ಬಂದಿರೋದು ಮೈಗೆ, ಮಲಗಿರೋದು ಮನಸ್ಸು" ಎಂದು ತಲೆಬಾಗಿಲಲ್ಲಿ ನಿಂತು ಹೇಳಿ ಕೆಲಸಕ್ಕೆ ಹೋಗಿದ್ದ. ಆ ಮಾತನ್ನು ಅವಳು ಮರೆಯಲಿಲ್ಲ. ಹೆಂಗಸರು ಇಂಥವನ್ನು ಮರೆಯುವುದಿಲ್ಲ, ಮಡಚಿ ಒಳಗಿಡುತ್ತಾರೆ. ಅವನ ತಮ್ಮ, ಬಸ್ ಓಡಿಸುವವನು, ರಜೆಯ ದಿನ ಅಣ್ಣನ ಮನೆಗೆ ಬಂದು ಸೋಫಾ ಮೇಲೆ ಕಾಲು ಚಾಚಿದರೆ ಸಾಕು, "ಮೈಗಳ್ಳರಿಗೆ ನಮ್ಮನೇಲಿ ಜಾಗ ಇಲ್ಲ" ಎಂದು ಎಬ್ಬಿಸಿ ತೋಟದ ಪೈಪು ಹಿಡಿಸುತ್ತಿದ್ದ. ಒಂದು ಮಾತು ಮಾತ್ರ ನಿಜ: ಹುರುಪಪ್ಪ ತಾನೂ ಕೂರುತ್ತಿರಲಿಲ್ಲ. ಕೋಳಿಗಿಂತ ಮೊದಲೇ ಎದ್ದು ಕಂಡವರನ್ನೆಲ್ಲ ಎಬ್ಬಿಸುವ ಜಾತಿ. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡುತ್ತಿದ್ದ. ಅವನ ತಾಯಿ ಅದನ್ನು ನೋಡಿ, "ನನ್ನ ಮಗ ಹುಟ್ಟಿದಾಗಲೂ ಅಳ್ತಾ ಮಲಗ್ಲಿಲ್ಲ, ಒದೀತಾನೇ ಇದ್ದ" ಎಂದು ಬೀಗುತ್ತಿದ್ದಳು.

ಇಂಥವನು ಒಂದು ಬೆಳಗ್ಗೆ ಒಂದು ಕಾಲಿಗೆ ಸಾಕ್ಸು ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತವನು ಏಳಲೇ ಇಲ್ಲ.

ಹೆಂಡತಿ ಟೀ ಇಟ್ಟು ಹೋದಳು. ಮರಳಿ ಬಂದಾಗ ಟೀ ಆರಿ ಕೆನೆಗಟ್ಟಿತ್ತು. ಇನ್ನೊಂದು ಸಾಕ್ಸು ಕೈಯಲ್ಲೇ ಇತ್ತು.

"ಯಾಕ್ರೀ, ಹೊತ್ತಾಗ್ಲಿಲ್ವಾ?"

"ಆಗಿದೆ."

"ಮತ್ತೆ ಕೂತಿದ್ದೀರಲ್ಲ? ಏನಾದ್ರೂ ನೋವಾ?"

"ಇಲ್ಲ."

"ಯಾರ ಮೇಲಾದ್ರೂ ಕೋಪಾನಾ?"

"ಇಲ್ಲ."

"ಸಾಕ್ಸು ಹಾಕ್ಕೊಳ್ಳಿ ಮತ್ತೆ!"

ತಟ್ಟನೆ ಹಾಕಿಕೊಂಡ. ಹಾಕಿಕೊಂಡು ಮತ್ತೆ ಕೂತ. ಬೂಟು ಎಂದಾಗ ಬೂಟು, ಏಳಿ ಎಂದಾಗ ಎದ್ದ. ಬಾಗಿಲವರೆಗೆ ಹೋಗಿ, ಮುಂದೆ ಯಾರೂ ಏನೂ ಹೇಳದ ಕಾರಣ, ಬಾಗಿಲಲ್ಲೇ ನಿಂತ. ಅವಳು ಅತ್ತೆಯನ್ನು ಕೂಗಿ ಕರೆದಳು. ಮದುವೆಯಾದಂದಿನಿಂದ ಈ ಗಂಡಸು ಅವಳ ಒಂದು ಮಾತನ್ನೂ ಒಂದೇ ಸಲಕ್ಕೆ ಕೇಳಿದವನಲ್ಲ.

ಅತ್ತೆ ಮೊದಲ ಎರಡು ದಿನ, "ಕೆಲಸ ಮಾಡಿ ಮಾಡಿ ಸಾಕಾಗಿರ್ಬೇಕು, ರಜೆ ಹಾಕಿದಾನೆ, ಬಿಡು" ಎಂದಳು. ಆಮೇಲೆ ಮಗ ಸ್ನಾನದ ಮನೆಯಲ್ಲಿ ನಲ್ಲಿಯ ಕೆಳಗೆ ನಿಂತವನು, ಮೇಲಿನ ತೊಟ್ಟಿಯ ನೀರೆಲ್ಲ ಖಾಲಿಯಾದರೂ ಹಾಗೇ ನಿಂತಿದ್ದನ್ನು ಕಂಡು ಅವಳೂ ಹೆದರಿದಳು. ಏನು ಯೋಚನೆ ಮಾಡುತ್ತಿದ್ದೀಯೋ ಎಂದರೆ, "ಏನೂ ಇಲ್ಲ" ಎಂದ. ಗಂಡಸರು ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ಇವನು ಮಾತ್ರ ಪೂರಾ ಸತ್ಯ ಹೇಳಿದ್ದ.

ಸುದ್ದಿ ಕೇಳಿ ತಮ್ಮ ಓಡಿ ಬಂದ. ಓಡಿ ಬಂದದ್ದು ಪ್ರೀತಿಯಿಂದಲೇ. ಆದರೆ ಪೈಪು ಹಿಡಿದ ರಜೆಗಳ ನೆನಪೂ ಜೊತೆಗೆ ಬಂದಿತ್ತು.

"ಅತ್ತಿಗೆ, ಅಣ್ಣನ ರೋಗಕ್ಕೆ ಅಣ್ಣನ ಹತ್ರಾನೇ ಔಷಧಿ ಇದೆ" ಎಂದ. ಲಾಂಡ್ರಿಯಲ್ಲಿ ಯಾರೋ ಹುರುಪಪ್ಪನ ಭಾಷಣವನ್ನು ಫೋನಿನಲ್ಲಿ ಹಿಡಿದು ಹಂಚಿದ್ದರು. ಅದನ್ನು ಅಣ್ಣನ ಮುಂದೆ ಜೋರಾಗಿ ಹಾಕಿದ. ಅತ್ತಿಗೆ ತರಕಾರಿ ತರಲು ಹೊರಗೆ ಹೋದಳು.

"ಏಳಿ! ಎದ್ದು ನಿಲ್ಲಿ!" ಎಂದು ಫೋನಿನ ಹುರುಪಪ್ಪ ಕೂಗಿದ. ಸೋಫಾದ ಹುರುಪಪ್ಪ ಎದ್ದು ನಿಂತ.

"ಕೈ ಮೇಲೆತ್ತಿ!" ಎತ್ತಿದ. "ಚಪ್ಪಾಳೆ!" ತಟ್ಟಿದ. "ಇನ್ನೂ ಜೋರಾಗಿ!" ಗೋಡೆಯ ಮೇಲಿನ ಪಟಗಳು ಅದುರುವ ಹಾಗೆ ತಟ್ಟಿದ.

"ನೋಡಮ್ಮಾ! ಗುಣ ಆಯ್ತು!" ಎಂದು ತಮ್ಮ ತಾಯಿಗೆ ಕೂಗಿ ಹೇಳಿ, ತನ್ನ ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ. ತಾಯಿ ಕೈಮುಗಿದು ಒಳಗೆ ಹೋದಳು. ಹೆಂಡತಿ ತರಕಾರಿ ಚೀಲ ಹೊತ್ತು ಬಂದು ನೋಡಿದರೆ ಗಂಡ ನಡುಮನೆಯಲ್ಲಿ ನಿಂತು ಇನ್ನೂ ಚಪ್ಪಾಳೆ ತಟ್ಟುತ್ತಿದ್ದ. ಅಂಗೈ ಕೆಂಪಾಗಿ ಬಾತುಕೊಂಡಿತ್ತು. ಭಾಷಣದಲ್ಲಿ ನಿಲ್ಲಿಸಿ ಎಂಬ ಮಾತು ಇರಲಿಲ್ಲ.

"ಸಾಕು ನಿಲ್ಸಿ" ಎಂದಳು. ನಿಲ್ಲಿಸಿದ. ಅವಳು ಅವನ ಕೈಯನ್ನು ತಣ್ಣೀರಲ್ಲಿ ಅದ್ದಿ ಹಿಡಿದುಕೊಂಡು, ನಗಬೇಕೋ ಅಳಬೇಕೋ ತಿಳಿಯದೆ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಮರುದಿನವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅತ್ತೆಯೂ ಬಿಡದೆ ಜೊತೆಗೆ ಹೊರಟಳು.

ಮೆದುಳಿನ ಡಾಕ್ಟರು ಇನ್ನೂ ಸಣ್ಣ ವಯಸ್ಸಿನ ಹೆಂಗಸು. ಮೊದಲು ತಲೆಯ ಚಿತ್ರ ತೆಗೆಸಿದರು. ಆಮೇಲೆ ರಬ್ಬರಿನ ಚೆಂಡಿನಂಥದ್ದೊಂದನ್ನು ಅವನ ಕೈಗೆ ಕೊಟ್ಟರು. ಅದನ್ನು ಹಿಸುಕಿದಷ್ಟೂ ಪಕ್ಕದ ಡಬ್ಬಿಯ ಮುಳ್ಳು ಮೇಲೇರುತ್ತಿತ್ತು.

"ಎಷ್ಟಾಗುತ್ತೋ ಅಷ್ಟು ಜೋರಾಗಿ ಹಿಸುಕಿ" ಎಂದರು. ಮುಳ್ಳು ಸರ್ರನೆ ತುದಿ ಮುಟ್ಟಿತು. ಅತ್ತೆ ಸೊಸೆಯ ಕಡೆ ಹೆಮ್ಮೆಯಿಂದ ನೋಡಿದಳು.

ಡಾಕ್ಟರು ಮೇಜಿನ ಮೇಲೆ ಚಾಕಲೇಟುಗಳನ್ನು ಸುರಿದರು. "ಈಗ ನಾನು ಏನೂ ಹೇಳಲ್ಲ. ನಿಮ್ಮಿಷ್ಟ. ಹಿಸುಕಿದಷ್ಟೂ ಚಾಕಲೇಟು ನಿಮ್ಗೆ."

ಹುರುಪಪ್ಪ ಚೆಂಡನ್ನು ನೋಡಿದ. ಚಾಕಲೇಟನ್ನು ನೋಡಿದ. ಮುಳ್ಳು ಹುಲ್ಲುಕಡ್ಡಿಯಷ್ಟೂ ಅಲುಗಲಿಲ್ಲ.

"ಅಯ್ಯೋ, ಇವ್ನಿಗೆ ಚಾಕಲೇಟು ಅಂದ್ರೆ ಪ್ರಾಣ ಡಾಕ್ಟ್ರೇ! ಚಿಕ್ಕೋನಿದ್ದಾಗ ತಮ್ಮನ ಕೈಯಿಂದ ಕಿತ್ಕೊಂಡು ತಿಂತಿದ್ದ!" ಎಂದಳು ಅತ್ತೆ.

"ಚಾಕಲೇಟು ಇಷ್ಟಾನಾ?" ಎಂದು ಡಾಕ್ಟರು ಅವನನ್ನೇ ಕೇಳಿದರು.

"ಇಷ್ಟ" ಎಂದ.

"ಬೇಕಾ?"

ಆ ಪ್ರಶ್ನೆಗೆ ಅವನ ಒಳಗಿನಿಂದ ಯಾರೂ ಉತ್ತರ ಕೊಡುತ್ತಿರಲಿಲ್ಲ.

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ಮೆದುಳಿನ ಆಳದಲ್ಲಿ, ಎಡಕ್ಕೂ ಬಲಕ್ಕೂ, ಕಡಲೆಕಾಳಿನಷ್ಟು ಜಾಗಕ್ಕೆ ರಕ್ತ ಹೋಗುವುದು ನಿಂತು, ಆ ಜಾಗ ಕೆಟ್ಟಿದೆ ಎಂದರು. ಕೈಕಾಲಿಗೆ, ಮಾತಿಗೆ, ಲೆಕ್ಕಕ್ಕೆ ಏನೂ ಆಗಿಲ್ಲ.

"ನಾವು ಯಾವ ಕೆಲ್ಸಕ್ಕೆ ಏಳ್ಬೇಕಾದ್ರೂ ತಲೆಯೊಳಗೆ ಒಂದು ಚೌಕಾಸಿ ನಡಿಯುತ್ತೆ. ಇಷ್ಟು ಕಷ್ಟ ಪಟ್ರೆ ಎಷ್ಟು ಸಿಗುತ್ತೆ, ಪಡಬಹುದಾ ಬೇಡ್ವಾ ಅಂತ. ನಮ್ಗೇ ಗೊತ್ತಾಗಲ್ಲ, ಅಷ್ಟು ಬೇಗ ಮುಗಿಯುತ್ತೆ. ಡೋಪಮೈನ್ ಅಂತ ಒಂದು ರಸ ಇದೆ. ಪಡಬಹುದು ಅನ್ನೋ ಕಡೆಗೆ ತಕ್ಕಡಿ ವಾಲೋ ಹಾಗೆ ಮಾಡೋದ್ರಲ್ಲಿ ಅದರ ಕೈವಾಡ ಜಾಸ್ತಿ. ಇವ್ರಲ್ಲಿ ಚೌಕಾಸಿಗೆ ಅಂಗಡಿ ಬಾಗ್ಲೇ ತೆಗೆದಿಲ್ಲ. ಹೊರಗಿಂದ ಯಾರಾದ್ರೂ ಹೇಳಿದ್ರೆ ಅದು ಬೇರೆ ದಾರೀಲಿ ಹೋಗುತ್ತೆ. ಅದಕ್ಕೇ ಹೇಳಿದ್ದೆಲ್ಲ ಮಾಡ್ತಾರೆ."

"ಅಂದ್ರೆ ಸೋಮಾರಿತನ ಅಲ್ಲ?"

"ಅಲ್ಲ. ಸೋಮಾರಿಗೆ ಮಲಗೋಕೆ ಇಷ್ಟ ಇರುತ್ತೆ. ಇವ್ರಿಗೆ ಅದೂ ಇಲ್ಲ."

"ಸುಸ್ತಾಗಿರೋದಾ?"

"ಸುಸ್ತಾದ್ರೆ ಕಷ್ಟದ ಬೆಲೆ ಏರುತ್ತೆ. ಮೈಯಲ್ಲಿ ಇನ್ನೂ ಸ್ವಲ್ಪ ಶಕ್ತಿ ಇದ್ರೂ ತಲೆ ಸಾಕು ಅನ್ನುತ್ತೆ. ಅದೂ ಮೆದುಳಿನ ಕೆಲ್ಸಾನೇ, ಸುಳ್ಳಲ್ಲ. ಇವ್ರಿಗೆ ಬೆಲೆ ಏರೋದೂ ಇಲ್ಲ, ಇಳಿಯೋದೂ ಇಲ್ಲ."

ಸುಸ್ತು ಸುಳ್ಳಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ಅವಳು ಗಂಡನ ಮುಖ ನೋಡಿದಳು. ಬಹಳ ವರ್ಷದಿಂದ ಯಾರಾದರೂ ಇವನೆದುರಿಗೆ ಹೀಗೆ ಹೇಳಲಿ ಎಂದು ಕಾದಿದ್ದಳು. ಈಗ ಹೇಳಿದರು, ಕಲ್ಲಿನ ಮೇಲೆ ಮಳೆ ಸುರಿದ ಹಾಗಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಅದು ಕೆಲಸ ಮಾಡಲೂಬಹುದು, ಮಾಡದೆಯೂ ಇರಬಹುದು, ಮಾಡಿದರೂ ತಡವಾಗಬಹುದು ಎಂದರು.

ತಡವೇ ಆಯಿತು. ಆ ತಿಂಗಳುಗಳಲ್ಲಿ ಅಕ್ಕಪಕ್ಕದ ಹೆಂಗಸರಿಗೆಲ್ಲ ಈ ಮನೆಯ ಮೇಲೆ ಕಣ್ಣು. ಈರುಳ್ಳಿ ಹೆಚ್ಚಿ ಎಂದರೆ ಹೆಚ್ಚುವ ಗಂಡ! ಕಸ ಗುಡಿಸಿ ಎಂದರೆ ಮೂಲೆ ಬಿಡದೆ ಗುಡಿಸುವ ಗಂಡ! "ನಮ್ಮನೆಯವ್ರಿಗೂ ಆ ಕಡಲೆಕಾಳು ಸ್ವಲ್ಪ ಆಗ್ಬಾರ್ದಿತ್ತಾ" ಎಂದಳು ಪಕ್ಕದ ಮನೆಯವಳು. ಹುರುಪಪ್ಪನ ಹೆಂಡತಿ ನಕ್ಕಳು. ಈರುಳ್ಳಿಯ ಬುಟ್ಟಿ ಪೂರ್ತಿ ಖಾಲಿಯಾಗುವವರೆಗೂ ಅವನು ಹೆಚ್ಚಿದ್ದನ್ನು ಮಾತ್ರ ಹೇಳಲಿಲ್ಲ.

ತನ್ನ ಒಂದು ಮೈಯನ್ನು ಎಬ್ಬಿಸಿ ಕೂರಿಸಿ ದಿನ ದೂಡುವುದೇ ಸಾಕಾಗಿದ್ದವಳಿಗೆ ಈಗ ಎರಡು ಮೈ. ತುತ್ತು ಬಾಯಿಗಿಡಿ. ಅಗಿಯಿರಿ. ನುಂಗಿ. ನೀರು ಕುಡಿಯಿರಿ. ಸಾಕು. ಹೊದ್ದುಕೊಳ್ಳಿ. ಪರದೆಯ ಅಂಚು ಮಡಚುತ್ತಾ ಮಡಚುತ್ತಾ ಅವಳಿಗೆ ಒಮ್ಮೊಮ್ಮೆ, ಇವತ್ತು ಒಂದು ಗಂಟೆ ಏನೂ ಹೇಳದೆ ಇದ್ದುಬಿಡೋಣ ಎನಿಸುತ್ತಿತ್ತು. ಒಂದು ದಿನ ಹಾಗೇ ಇದ್ದಳು. ಎದುರಿನ ಕುರ್ಚಿಯಲ್ಲಿ ಕೂತವನ ಮುಖದ ಮೇಲೆ ಕಿಟಕಿಯ ಬಿಸಿಲು ಬಿತ್ತು. ಅವನು ಕಣ್ಣು ಕಿರಿದು ಮಾಡಿದನೇ ಹೊರತು ಕುರ್ಚಿ ಸರಿಸಲಿಲ್ಲ. ಬಿಸಿಲು ಅವನ ಹಣೆಯಿಂದ ಗಲ್ಲಕ್ಕಿಳಿದು, ಎದೆಗಿಳಿದು, ನೆಲಕ್ಕೆ ಬರುವವರೆಗೂ ಅವಳು ನೋಡುತ್ತಾ ಕೂತಳು.

"ಅಷ್ಟೊಂದು ಜನಕ್ಕೆ ಎದ್ದೇಳಿ ಎದ್ದೇಳಿ ಅಂತಿದ್ರಲ್ರೀ" ಎಂದಳು. "ಎಬ್ಬಿಸೋರಿಗೆ ಎಷ್ಟು ಸುಸ್ತಾಗುತ್ತೆ ಅಂತ ಈಗ ನಂಗೊತ್ತಾಯ್ತು. ನಿಮ್ಗೆ ಯಾವತ್ತೂ ಆಗ್ಲಿಲ್ವಾ?"

"ಇಲ್ಲ" ಎಂದ, ಇದ್ದದ್ದನ್ನು ಇದ್ದ ಹಾಗೆ.

ಮಾತ್ರೆಯನ್ನು ಡಾಕ್ಟರು ಎರಡು ಸಲ ಹೆಚ್ಚಿಸಿದ ಮೇಲೆ, ಒಂದು ಬೆಳಗ್ಗೆ ಅವಳು ಹೊಲಿಯುತ್ತಿದ್ದಾಗ ಹೊರಗೆ ಯಾರೋ ಯಾರಿಗೋ ಜೋರಾಗಿ ಬೈಯುವುದು ಕೇಳಿಸಿತು. ಪೇಪರು ಹಾಕುವವನು ಪೇಪರನ್ನು ಅಂಗಳಕ್ಕೆಸೆದು ಹೋಗುತ್ತಿದ್ದ; ಹುರುಪಪ್ಪ ಗೇಟಿನ ಹತ್ತಿರ ನಿಂತು, "ಬಗ್ಗಿ ಇಟ್ಟು ಹೋಗೋಕೆ ಸೊಂಟ ಇಲ್ವಾ?" ಎನ್ನುತ್ತಿದ್ದ. ಗೇಟಿಗೆ ಹೋಗಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವಳು ಮಷಿನ್ನು ಬಿಟ್ಟು ಓಡಿದಳು. ಅತ್ತೆ ಅಲ್ಲೇ ಅಳತೊಡಗಿದಳು. ಪೇಪರಿನವನಿಗೆ ಮಾತ್ರ, ತಾನು ಬೈಸಿಕೊಂಡದ್ದಕ್ಕೆ ಈ ಮನೆಯವರು ಯಾಕೆ ಇಷ್ಟು ಸಂತೋಷ ಪಡುತ್ತಿದ್ದಾರೆಂದು ಕೊನೆಗೂ ತಿಳಿಯಲಿಲ್ಲ.

ಮನುಷ್ಯ ಇಂಥದ್ದೊಂದು ಗುಂಡಿಗೆ ಬಿದ್ದು ಎದ್ದರೆ ಸ್ವಲ್ಪ ಮೆತ್ತಗಾಗುತ್ತಾನೆ ಎಂದು ನಂಬಿಕೆ. ಹೆಂಡತಿಯೂ ನಂಬಿದ್ದಳು. ಅವನು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಾ ಹೇಳಿದ್ದಿಷ್ಟು: "ನೋಡ್ದೇನೇ? ಬೇರೆಯವ್ನಾಗಿದ್ರೆ ಅಲ್ಲೇ ಕೊಳೀತಿದ್ದ. ನನ್ನ ಮನಸ್ಸು ಗಟ್ಟಿ. ನಾನು ಒಳಗೊಳಗೇ ಹೋರಾಡಿದೆ."

"ಒಳಗೆ ಏನೂ ಇರ್ಲಿಲ್ಲ ಅಂತ ನೀವೇ ಹೇಳ್ತಿದ್ರಲ್ರೀ?"

"ಅದು ನಿಂಗೆ ಅರ್ಥ ಆಗಲ್ಲ."

"ಮಾತ್ರೆ?"

"ಮಾತ್ರೆ ಒಂದು ನೆಪ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಲಾಂಡ್ರಿಗೆ ಮರಳಿದ. ಮಾಲೀಕನಿಗೆ ಈ ಕತೆ ಬಹಳ ಹಿಡಿಸಿತು. ಮೆದುಳಿಗೆ ಪೆಟ್ಟು ಬಿದ್ದವನೇ ಎದ್ದು ಬಂದ ಮೇಲೆ, ಮೊಣಕಾಲು ನೋವು ಎನ್ನುವವರಿಗೆ ಬಾಯಿ ಎಲ್ಲಿದೆ? ದಿನದ ಭಾಷಣ ಇನ್ನೂ ಉದ್ದವಾಯಿತು. ಮಾಲೀಕ ಒಂದು ಮೈಕು, ಹತ್ತಿ ನಿಲ್ಲಲು ಒಂದು ಮರದ ಪೆಟ್ಟಿಗೆ ಕೊಡಿಸಿದ. ಪೆಟ್ಟಿಗೆ ಹತ್ತಿದವನಿಗೆ ಸಣ್ಣದೊಂದು ವಿಷಯ ಚುಚ್ಚತೊಡಗಿತು: ಮನಸ್ಸಿನ ಬಲದಿಂದ ಗೆದ್ದವನು ದಿನಾ ಬೆಳಗ್ಗೆ ಹೆಂಡತಿಯ ಕೈಯಿಂದ ಮಾತ್ರೆ ನುಂಗುವುದು ಎಂದರೇನು? ಅವತ್ತಿನಿಂದ ಮಾತ್ರೆಯನ್ನು ನಾಲಗೆಯ ಕೆಳಗಿಟ್ಟುಕೊಂಡು ಹೋಗಿ ಅಂಗಳದ ಹೂಕುಂಡದಲ್ಲಿ ಉಗುಳತೊಡಗಿದ.

ಮೊದಲು ಏನೂ ಆಗಲಿಲ್ಲ. "ನೋಡಿದ್ಯಾ" ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಹೇಳಿಕೊಳ್ಳುವುದೂ ನಿಂತಿತು.

ಒಂದು ಬೆಳಗ್ಗೆ ಮೈಕು ಹಿಡಿದು, "ಮನುಷ್ಯ ಮನಸ್ಸು ಮಾಡಿದ್ರೆ..." ಎಂದವನು ಅಲ್ಲಿಗೇ ನಿಂತ. ಹೆಂಗಸರು ಕಾದರು. ಮಾತಿನ ಮಧ್ಯೆ ತಡೆದು ನಿಲ್ಲುವುದೂ ಭಾಷಣದ ಒಂದು ವರಸೆ ಇರಬೇಕು ಎಂದುಕೊಂಡರು. ಮಷಿನ್ನುಗಳು ಬಿಸಿಯಾಗಿ ಹಬೆ ಉಗುಳುತ್ತಿದ್ದವು. ಅವನ ಮುಖದಲ್ಲಿ ಗಾಬರಿಯಿಲ್ಲ, ನಾಚಿಕೆಯಿಲ್ಲ. ಬಸ್ ನಿಲ್ದಾಣದಲ್ಲಿ ನಿಂತವನ ಹಾಗೆ ನಿಂತಿದ್ದ. ಇಸ್ತ್ರಿ ಕೋಣೆಯ ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕನಿಗೆ ನಿಂತು ನಿಂತು ಸಾಕಾಯಿತು.

"ಮುಂದೆ ಹೇಳಿ ಸಾರ್."

"...ಏನನ್ನ ಬೇಕಾದ್ರೂ ಸಾಧಿಸಬಹುದು" ಎಂದು ಹೇಳಿ ಮತ್ತೆ ನಿಂತ.

"ಸಾಕು ಸಾರ್, ಕೆಳಗಿಳೀರಿ." ಇಳಿದ.

ಅಕ್ಕ ಹುಬ್ಬೇರಿಸಿದಳು. "ಆ ಮೈಕು ಕೆಳಗಿಡಿ ಸಾರ್." ಇಟ್ಟ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ನಗಲಿಲ್ಲ. ಪಾಪ ಎನಿಸಿತು ಅವಳಿಗೆ, ನಿಜ. ಆದರೆ ಪಾಪ ಎನಿಸುವುದಕ್ಕೂ ಮೊದಲು ಅವಳ ಎರಡು ಮೊಣಕಾಲೂ ಒಟ್ಟಿಗೆ ಮಾತಾಡಿದವು.

"ಸಾರ್, ಗೋದಾಮಿನ ಬೀಗ ತೆಗ್ಸಿ, ಸ್ಟೂಲುಗಳನ್ನ ವಾಪಸ್ ತರ್ಸಿ."

ಹುರುಪಪ್ಪ ಗೋದಾಮಿನವನನ್ನು ಕರೆದು ಹಾಗೇ ಹೇಳಿದ. ಸ್ಟೂಲುಗಳು ಬಂದವು. ಅಕ್ಕ ಮೊದಲು ಅವನನ್ನು ಒಂದರ ಮೇಲೆ ಕೂರಿಸಿ, ನೀರು ಕೊಟ್ಟು, ಕುಡಿಯಿರಿ ಎಂದಳು. ಆಮೇಲೆ ಅವನ ಮನೆಗೆ ಫೋನು ಮಾಡಿಸಿದಳು.

ಹೆಂಡತಿ ಆಟೋ ಹಿಡಿದು ಬಂದಳು. ಅವನನ್ನು ನೋಡಿದವಳಿಗೆ ಎಲ್ಲ ತಿಳಿಯಿತು. "ಮಾತ್ರೆ ಏನ್ಮಾಡಿದ್ರಿ, ಹೇಳಿ" ಎಂದಳು. ಹೇಳು ಎಂದರೆ ಹೇಳುವ ಸ್ಥಿತಿ. "ಹೂಕುಂಡದಲ್ಲಿ ಉಗುಳ್ದೆ" ಎಂದ, ಎಲ್ಲರ ಮುಂದೆ. ಅವಳು ಅಲ್ಲೇ ಇನ್ನೊಂದು ಸ್ಟೂಲಿನ ಮೇಲೆ ಕುಸಿದು ಕೂತಳು. ಅಕ್ಕ ಅವಳಿಗೂ ನೀರು ತಂದಳು.

"ನಿಮ್ಗೂ ಬಹಳ ಸುಸ್ತಾಗಿದೆ ಅನ್ಸುತ್ತೆ ತಾಯಿ" ಎಂದಳು.

"ಹೂಂ ಅಕ್ಕಾ. ಆಗಿದೆ."

ಅಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಾರೂ ಅವಳಿಗೆ ಚಪ್ಪಾಳೆ ತಟ್ಟು ಎನ್ನಲಿಲ್ಲ.

ಮಾತ್ರೆ ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ನಾಲಗೆ ಎತ್ತಿಯೂ ತೋರಿಸಬೇಕು. ಲಾಂಡ್ರಿಯಲ್ಲಿ ಮಾಲೀಕ ಸ್ಟೂಲುಗಳನ್ನು ನೋಡಿ ಮುಖ ಸಿಂಡರಿಸಿದ. ಆದರೆ ತರಿಸಿದ್ದು ತಾನೇ ಮೆಚ್ಚಿದ ಮೇಲ್ವಿಚಾರಕ, ಅದೂ ಇಡೀ ಕೋಣೆಯ ಎದುರಿಗೆ; ವಾಪಸ್ ಕಳಿಸುವುದು ಹೇಗೆ? ಉಳಿದವು. ಹುರುಪಪ್ಪ ಮತ್ತೆ ಕೆಲಸಕ್ಕೆ ಬಂದಾಗ ಮಾಲೀಕ, "ಏನಪ್ಪಾ ಇದು ಸ್ಟೂಲಿನ ವಿಷ್ಯ?" ಎಂದು ಕೇಳಿದನಂತೆ. ಇವನು ಒಂದು ಕ್ಷಣವೂ ತಡವರಿಸದೆ, "ಬಹಳ ಯೋಚ್ನೆ ಮಾಡಿ ತಗೊಂಡ ತೀರ್ಮಾನ ಸಾರ್. ಕೂತು ಎದ್ದೋರು ಜಾಸ್ತಿ ಕೆಲ್ಸ ಮಾಡ್ತಾರೆ" ಎಂದನಂತೆ. ಅವನು ಬೇಕೆಂದೇ ಸುಳ್ಳು ಹೇಳಲಿಲ್ಲ. ತಾನು ಮಾಡಿದ್ದಕ್ಕೆಲ್ಲ ತನ್ನ ಹತ್ತಿರ ಕಾರಣ ಇದ್ದೇ ಇರುತ್ತದೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಅಕ್ಕ ಸ್ಟೂಲಿನ ಮೇಲೆ ಕೂತೇ ಇದನ್ನು ಕೇಳಿಸಿಕೊಂಡಳು. ಭಾಷಣವಂತೂ ಮತ್ತೆ ಕುದುರಲಿಲ್ಲ. ಮೈಕು ಹಿಡಿದಾಗೆಲ್ಲ ಮುಂದಿನ ಸಾಲಿನವರು ಅವನು ಎಲ್ಲಿ ನಿಲ್ಲುತ್ತಾನೋ ಎಂದು ಕಣ್ಣರಳಿಸಿ ಕಾಯುತ್ತಿದ್ದರು. ಆ ನೋಟದೆದುರು ಎಂಥ ಹುರುಪೂ ಬಾಳುವುದಿಲ್ಲ.

ಇದಕ್ಕಿಂತ ಸ್ವಲ್ಪ ಹಿಂದೆ, ಎರಡನೆಯ ಸಲ ಬಿದ್ದ ಅವನು ಇನ್ನೂ ಮನೆಯಲ್ಲೇ ಇದ್ದಾಗ, ಮಾತ್ರೆ ಮತ್ತೆ ಹಿಡಿಯಿತೋ ಇಲ್ಲವೋ ಎಂದು ಹೆಂಡತಿ ದಿನಾ ಕಾಯುತ್ತಿದ್ದ ಕಾಲದಲ್ಲಿ ನಡೆದದ್ದನ್ನು ಹೇಳಿ ಮುಗಿಸಬೇಕು. ಒಂದು ಸಂಜೆ ಅವಳು ಮಷಿನ್ನು ತುಳಿಯುತ್ತಾ, ಬುಟ್ಟಿ ತುಂಬಾ ಬಟಾಣಿಯನ್ನು ಕಾಲಿನಿಂದಲೇ ಅವನ ಕಡೆ ಸರಿಸಿ, "ರೀ, ಇದಿಷ್ಟು ಸುಲಿದ್ಕೊಡಿ" ಎಂದಳು.

ಅವನು ಬುಟ್ಟಿಯನ್ನು ನೋಡಿದ. "ನಂಗಾಗಲ್ಲ ಹೋಗೇ" ಎಂದ.

ಮಷಿನ್ನು ನಿಂತಿತು. "ಏನಂದ್ರಿ?"

"ಆಗಲ್ಲ ಅಂದೆ. ಸುಲಿಯೋಕೆ ಬೇಜಾರು."

ಅವಳು ಎದ್ದು ಬಂದು ಅವನ ಮುಖವನ್ನು ಹತ್ತಿರದಿಂದ ನೋಡಿದಳು. ಹುಬ್ಬು ಗಂಟಾಗಿತ್ತು. ಬೇಡ ಎನ್ನುವುದಕ್ಕೂ ಒಳಗೆ ಒಬ್ಬ ಯಜಮಾನ ಬೇಕು. ಆ ಯಜಮಾನ, ಇಷ್ಟು ದಿನದ ಮೇಲೆ, ಮುಖ ಗಂಟಿಕ್ಕಿಕೊಂಡು ಮನೆಗೆ ಬಂದಿದ್ದ. ಅವಳಿಗೆ ಹಾಯೆನಿಸಿತು. ಆ ನೆಮ್ಮದಿ ಒಂದೈದು ನಿಮಿಷ ಇದ್ದಿರಬೇಕು. ಆಮೇಲೆ, ಇನ್ನು ಮೇಲೆ ನಾನು ಹೇಳಿದ ಒಂದು ಮಾತನ್ನೂ ಈ ಮನುಷ್ಯ ಕೇಳುವುದಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

"ನಂಗೂ ಬೇಜಾರು" ಎಂದು ಹೇಳಿ, ಮಷಿನ್ನಿಗೆ ಬಟ್ಟೆ ಹೊದಿಸಿ, ಒಳಗೆ ಹೋಗಿ ಮಲಗಿಬಿಟ್ಟಳು.

ಬಟಾಣಿಯನ್ನು ಕೊನೆಗೆ ಸುಲಿದದ್ದು ಅತ್ತೆ, ಇಬ್ಬರನ್ನೂ ಬೈಯುತ್ತಾ.